ಎರಡೂಮುಕ್ಕಾಲು ಫೂಟು

ಹಸಿ ಇದ್ದಾಗ ಕುಂದ್ರಸಬೇಕು ಅಂದ ಮೇಸ್ತ್ರಿ.
ಮೈ ಬಿಗೀತಂದ್ರ ಕಾಂಕ್ರೀಟ್ ಇದ್ಹಂಗ,
ಆಮ್ಯಾಲ ಮಣಿಯೂದಿಲ್ಲ.
ಅದಕ್ಕ ಗುರುಸಿದ್ದವ್ವನ್ನ
ಝುವಾರಿನಗರದ ತಗಡಿನ ಶೆಡ್ಡಿನಾಗ
ಗ್ವಾಡಿಗೆ ಆನಿಸಿ, ಚಕ್ಕಳಮಕ್ಕಳ ಹಾಕಿ,
ಸೆಂಟ್ರಿಂಗಿನ ಹಗ್ಗದಲೆ ಕಟ್ಟಿದ್ವಿ.
ಹಣಿಮ್ಯಾಲ ಮೂರು ಬೆರಳಿನ ಇಬತ್ತಿ,
ಎಡಗೈಯಾಗ ಆಕಿ ಲಿಂಗ.
ಉಗುರಿನ ಸಂದ್ಯಾಗ ಸಿಮೆಂಟ್ ಇನ್ನೂ ಇತ್ತು.
ನಾ ತೊಳದೆ. ಎಲ್ಲಾ ಹೋಗಲಿಲ್ಲ.

ಸುಡಾಕ ಇಲ್ಲೇ ಜಾಗಾ ಐತಲ್ಲ ಅಂದ್ರು.
ನಮ್ಮದು ಸುಡೂದಲ್ಲ, ಕುಂದ್ರಸೂದು.
ಕುಂದ್ರಾಕ ಗೇಣು ನೆಲ ಕೇಳಿದ್ರ
ಇಲ್ಲಿ ಚದರ ಮೀಟರಿನ ರೇಟು ಹೇಳತಾರ.
ಇಪ್ಪತ್ತೆರಡು ವರ್ಸ ಬ್ಯಾರೇರ ಪಾಯಾ ತೋಡಿದಾಕಿ,
ಆ ರೇಟು ನಮಗಿಂತ ಚಲೋ ಆಕಿಗೇ ಗೊತ್ತಿತ್ತು.

ರೋಣದಿಂದ ತಮ್ಮ ಫೋನ್ ಹಚ್ಚಿದ.
ಅಳಲಿಲ್ಲ. ಕೇಳಿದ:
ಕುಂತ್ರ ಎಷ್ಟು ಎತ್ತರ ಬರತಾಳ? ಕುಣಿ ತೋಡೂದೈತಿ.
ಯಾರಿಗೂ ಗೊತ್ತಿರಲಿಲ್ಲ.
ತಲಿಮ್ಯಾಲಿನ ಬುಟ್ಟಿ ಬಿಟ್ಟು
ಆಕೀನ ಯಾರು ನೋಡಿದ್ರು?
ಮೇಸ್ತ್ರಿ ಗುಂಡು-ದಾರ ತಂದ,
ನೆತ್ತಿ ಮಗ್ಗಲಕ ನೆಲಕ್ಕ ಬಿಟ್ಟ.
ಗುಂಡು ಒಂದು ಗಳಿಗಿ ತೂಗಾಡಿ ನಿಂತಿತು.
ಎರಡೂಮುಕ್ಕಾಲು ಫೂಟು.
ಪಕ್ಕಾ? ಅಂದ ತಮ್ಮ.
ನಂದು ಯಾವತ್ತರ ತಪ್ಪೈತೇನು ಅಂತ ಬೈದ ಮೇಸ್ತ್ರಿ,
ಬೈದು, ಹೊರಗ ಹೋಗಿ ಬೀಡಿ ಹಚ್ಚಿದ.
ದಾರಕ್ಕ ಅಲ್ಲೇ ಗಂಟು ಹಾಕಿ ನಾ ಮಡಲಾಗ ಇಟಗೊಂಡೆ.

ಆಂಬ್ಯುಲೆನ್ಸಿನವ ಹದಿನೆಂಟು ಸಾವಿರ ಕೇಳಿದ,
ಮತ್ತ, ಮಲಗಿದ್ರಷ್ಟ ಒಯ್ಯತೀನಿ ಅಂದ.
ಕುಂತ ಹೆಣಕ್ಕ ಬೆಲ್ಟ್ ಇಲ್ಲಂತ.
ಕಡೀಕ ಮಿಂಗೇಲ್ ಬಂದ, ಮೀನಿನ ಟೆಂಪೋ ತಗೊಂಡು.
ಮೂರು ಸಲ ತೊಳದಿದ್ದ, ಸೋಡಾ ಪುಡಿ ಹಾಕಿ.
ಆದರೂ ಬಂಗಡಿ ವಾಸನಿ,
ಹಲಗಿ ಸಂದ್ಯಾಗ ಮಿಣಿಮಿಣಿ ಪೊರಿ.
ವಾಸ್ಕೋದ ಮಾರ್ಕೆಟ್ಟಿನಾಗ ಮೂಗಿಗೆ ಸೆರಗು ಒತ್ತಿ
ಓಡಿ ದಾಟತಿದ್ದ ಗುರುಸಿದ್ದವ್ವ
ಇವತ್ತು ಮೂಗಿನಾಗ ಹತ್ತಿ ಇಟಗೊಂಡು
ಏನೂ ಅನ್ನಲಿಲ್ಲ.
ಸಿಟ್ಟು ಮಾಡ್ಯಾಳ ಕಾಯ್? ಅಂದ ಮಿಂಗೇಲ್,
ತನ್ನ ಹರಕು ಕನ್ನಡದಾಗ,
ಅಂದು ಆಕಿ ಸುತ್ತ ಬರ್ಫದ ಗಡ್ಡಿ ಜೋಡಿಸಿದ.

ವೆರ್ಣಾ ದಾಟಿತು. ಬೋರಿ ಪೂಲು ದಾಟಿತು.
ತಿರುವಿನಾಗ ಆಕಿ ನನ್ನ ಮ್ಯಾಲ ವಾಲಿದಳು,
ಉಂಡ ಮ್ಯಾಲ ಇಟ್ಟಂಗಿ ರಾಶಿ ನೆರಳಾಗ
ತೂಕಡಿಸಿ ಬೀಳತಿದ್ಲಲ್ಲ, ಹಂಗ.
ಮೊದಲು ತಳ್ಳಿದೆ. ರೂಢಿ.
ಆಮ್ಯಾಲ ಹೆಗಲು ಕೊಟ್ಟೆ.

ಫೋಂಡಾದಾಗ ಒಂದು ಏಳಂತಸ್ತಿನ ದೀಪ ಕಂಡ್ವು.
ಅದು ನಾವು ಕಟ್ಟಿದ್ದು ಅನ್ನಾಕ ಬಾಯಿ ತಗದೆ.
ಅಲ್ಲ. ಅದು ಬ್ಯಾರೆ ಗುತ್ತಿಗಿದಾರಂದು.

ಮೊಲ್ಲೆಂ ಚೆಕ್‌ಪೋಸ್ಟು, ರಾತ್ರಿ ಎರಡು.
ತಾಡಪತ್ರಿ ಎತ್ತಿ ಬ್ಯಾಟರಿ ಬಿಟ್ಟ ಪೊಲೀಸ.
ಮಾಲಿನ ಗಾಡ್ಯಾಗ ಮಂದಿ ಕುಂದ್ರಂಗಿಲ್ಲ.
ಎಷ್ಟು ಮಂದಿ?
ಒಬ್ಬಾಕಿ ಅಂದೆ ನಾ.
ಇಬ್ಬರು ಅಂದ ಮಿಂಗೇಲ್.
ಎರಡೂ ಒಮ್ಮೆಲೆ ಬಿದ್ವು.
ಬೆಳಕು ಆಕಿ ಮಾರಿಮ್ಯಾಲ ನಿಂತಿತು.
ಆಕೀನ ಎಬ್ಬಸು, ಅಂದ.

ದವಾಖಾನಿ ಕಾಗದ ಕೊಟ್ಟೆ.
ಹೆಸರು, ವಯಸ್ಸು ಅಂದಾಜು,
ವಿಳಾಸದ ಜಾಗದಾಗ ಗುತ್ತಿಗಿದಾರನ ಮೊಬೈಲ್ ನಂಬರು.
ಓದಿದ. ಬ್ಯಾಟರಿ ಆರಿಸಿದ.
ಕತ್ತಲಾಗ ಬರ್ಫ ತೊಟ್ಟಿಕ್ಕೂ ಸಪ್ಪಳ.
ಮೀನು ಏನೂ ಇಲ್ಲಲ್ಲ? ಅಂತ ಕೇಳಿದ,
ಏನರ ಕೇಳಬೇಕಿತ್ತು ಅವಗ.
ಇಲ್ಲ ಅಂದ್ವಿ.
ಗೇಟು ಎದ್ದಿತು.

ಅನಮೋಡ ಘಾಟ್ ಹತ್ತೂಮುಂದ ಗಾಡಿ ಹಿಂದಕ್ಕ ಜಗ್ಗಿತು.
ಎರಡೂ ಕೈಲೆ ಆಕೀನ ತಬ್ಬಿ ಹಿಡದೆ.
ಸೀರಿ ತೊಯ್ದಿತ್ತು, ಆಕಿಂದೋ ನಂದೋ.
ಆಗ ತಮ್ಮನ ಫೋನು:
ಕುಣಿ ಆತು. ಒಂದು ಗೇಣು ಹೆಚ್ಚಿಗಿ ತೋಡ್ಲೇನು,
ಇಕ್ಕಟ್ಟಾದೀತು?
ಮಡಲಾಗ ಕೈ ಹಾಕಿ ನೋಡಿದೆ,
ಗಂಟು ಇದ್ದಲ್ಲೇ ಇತ್ತು.
ಬ್ಯಾಡ, ಅಳತಿ ತಪ್ಪಿದ್ರ ಆಕಿಗೆ ಆಗಿಬರೂದಿಲ್ಲ,
ಅಂದೆ.
ಅಷ್ಟರಾಗ ನೆಟ್‌ವರ್ಕ್ ಹೋಗಿತ್ತು.
ಕೇಳಿತೋ ಇಲ್ಲೋ.