ಪೇರಲ ತೋಟದ ಪಂಚನಾಮೆ

ಆ ಹಾಸುಗಲ್ಲಿನ ಮ್ಯಾಲೆ ಬ್ಯಾಡ್ರಿ ಸಾಹೇಬ್ರ, ಕಾದೈತಿ,
ಈ ಗೋಣಿಚೀಲದ ಮ್ಯಾಲೆ ಕುಂದರ್ರಿ.
ಗಂಗಾವತಿಯಿಂದ ಹಿರೇಬೆಣಕಲ್ಲಿಗೆ ಬಂದೀರಿ, ಮೊದಲ ನೀರು ಕುಡೀರಿ.
ಫಾರಮ್ಮಿನ್ಯಾಗ ಎರಡ ಮನಿ ಅದಾವಂತೀರಿ,
ಒಂದು ಮಂಗ್ಯಾಂದು, ಒಂದು ಗಿಣಿದು.
ಯಾವುದು ಹೆಚ್ಚು ಹಾಳು ಮಾಡತೈತಿ,
ಒಂದಕ್ಕ ಗೀಟು ಹಾಕಬೇಕು.

ಗಿಣಿ ಹೆಂಗ ಅಂದ್ರ,
ಹೊತ್ತು ಮೂಡೂ ಮುಂಚೆ ಹೊಳಿ ಕಡಿಂದ ಬರ್ತಾವ,
ಹೊಸ ಅರಿವಿ ಹರಿದಂಗ ಸಪ್ಪಳ.
ಒಂದು ಹಣ್ಣಿಗೆ ಎರಡ ಕಡತ, ಉಳಿದದ್ದು ನೆಲಕ್ಕ.
ತಿಂದದ್ದು ಪಾವು, ಕೆಡಿಸಿದ್ದು ಬುಟ್ಟಿ.

ಮಂಗ್ಯಾ ಹಂಗಲ್ಲ.
ಮೋರ್ಯಾರ ಗುಡ್ಡ ಇಳಿಯೂದ ಹನ್ನೊಂದಕ್ಕ,
ಕೂಲಿಯೋರು ಬುತ್ತಿ ಬಿಚ್ಚೂ ಹೊತ್ತಿಗೆ.
ಹಣ್ಣು ಹರಿಯೂ ಮುಂಚೆ ನನ್ನ ಮಾರಿ ನೋಡತೈತಿ,
ಹರಿದ ಮ್ಯಾಲೆ ಇನ್ನೊಮ್ಮಿ ನೋಡತೈತಿ.
ಗಲ್ಲದಾಗ ಎರಡು, ಕೈಯಾಗ ಒಂದು, ಕಾಲಾಗ ಒಂದು.
ಗಿಣಿ ಚೆಲ್ಲಿದ್ದನ್ನೂ ಮಣ್ಣು ಒರಸಿ ತಿಂತೈತಿ,
ನಮ್ಮತ್ತಿ ನುಚ್ಚು ಆರಿಸಿದಂಗ.

ಸುಳ್ಳ್ಯಾಕ ಹೇಳ್ಲಿ, ಗಿಣಿ ಕಡದ ಹಣ್ಣ ರುಚಿ.
ನಾನೂ ತಿಂತೀನಿ. ಅದನ್ನ ಬರೀಬ್ಯಾಡ್ರಿ.

ನಮ್ಮನ್ಯಾಗೂ ಒಂದಿತ್ತು, ಎಂಟು ವರ್ಷ.
ಓಣಿ ಹುಡುಗ್ರು ಅದಕ್ಕ ನಮ್ಮಾತನ ಹೆಸರು ಕಲಿಸಿದ್ರು.
ಈ ಬಾಯಿಲೆ ನಾನು ಒಂದಿನ ಅನ್ನದ ಹೆಸರು,
ರೇಷನ್ ಕಾರ್ಡಿಗೆ ಬರಸೂಮುಂದ
ಪಕ್ಕದ ಮನಿ ಮಾಬುಬಿ ಹೇಳಿದ ಹೆಸರು,
ಅದನ್ನ ಅದು ಮುಂಜಾನೆದ್ದು ಪಂಜರದಾಗ ಕುಂತು
ಸಾಲ ಕೊಟ್ಟೋರಂಗ ಕೂಗತಿತ್ತು.
ಆತ ಒಳಗಿಂದ ‘ಓ’ ಅಂತಿದ್ದ.

ಹೋದ ಶೀಗಿಹುಣ್ಣಿವಿಗೆ ‘ಓ’ ಅನ್ನೂದು ನಿಂತ್ತು.
ಗಿಣಿಗೇನು ಗೊತ್ತು? ಕೂಗಿತು.
ಮರುದಿನಾನೂ ಕೂಗಿತು.
ಹನ್ನೊಂದನೇ ದಿನ ಪಂಜರದ ಬಾಗಿಲು ತಗದೆ.
ಬೇವಿನ ಗಿಡದ ಮ್ಯಾಲೆ ಕುಂತು ಒಮ್ಮಿ ಒದರಿ,
ಹೊಳಿ ಕಡೆ ಹೋತು.

ಈಗ ದಿನಾ ನೂರಿನ್ನೂರು ಬರ್ತಾವ್ರಿ.
ಗಂಡಿಗೆಲ್ಲ ಕೊಳ್ಳಾಗ ಅದ ಕೆಂಪು ಪಟ್ಟಿ.
ಯಾವುದಂತ ಗುರ್ತ ಹಿಡೀಲಿ?
ಕವಣಿ ಬೀಸ್ತೀನಿ, ಕೂಲಿ ತಗೊಂತೀನಲ್ಲ.
ಕಲ್ಲು ಇಡಂಗಿಲ್ಲ.

ಬರೇ ಗಾಳಿ ಸಪ್ಪಳಕ್ಕ ಗಿಣಿ ಹಾರ್ತಾವ,
ಮೂರು ತಿಂಗಳಾತು, ಇನ್ನೂ ತಿಳಿದಿಲ್ಲ ಅವಕ್ಕ.
ಮಂಗ್ಯಾಗ ಎರಡ ದಿನದಾಗ ತಿಳೀತು.
ಮುದಿ ಗಡವ ಒಂದೈತಿ, ಕಿವಿ ಹರಕಂದು,
ಅಟ್ಟದ ಎದುರಿಗೆ ಬಂದು ಕುಂದರತೈತಿ.
ನಾ ಕವಣಿ ತಿರುವಿದ್ರ ಮೊದಲ ಕೈ ನೋಡತೈತಿ,
ಆಮ್ಯಾಲೆ ಮಾರಿ.
ಓಡಂಗಿಲ್ಲ. ಹಲ್ಲೂ ಕಿಸಿಯಂಗಿಲ್ಲ.
ಭಾಳೊತ್ತು ನೋಡಿ, ಹಣ್ಣು ತಿನ್ನಾಕ ಹತ್ತತೈತಿ.

ಅದಕ್ಕ, ಹಾನಿ ಮಂಗ್ಯಾಂದ ಹೆಚ್ಚು.
ಗೀಟು ಅಲ್ಲೇ ಹಾಕ್ರಿ. ಹೆಬ್ಬೆಟ್ಟು ಎಲ್ಲಿ ಒತ್ತಲಿ?

ಹುಲಿಗೆವ್ವ ಅಂತ ನನ್ನ ಹೆಸರು.
ಕೆಳಗ ಗಂಡನ ಹೆಸರಂತ ಒಂದು ಗೆರಿ ಬಿಟ್ಟೀರಲ್ಲ,
ತಡೀರಿ, ಮಾಬುಬಿ ಪ್ಯಾಟಿಗೆ ಹೋಗ್ಯಾಳ.
ಐದರ ತನಕ ಕುಂದರ್ರಿ,
ಗಿಣಿ ತಿರುಗಿ ಬರೂ ಹೊತ್ತು.