ನಡುಬೆರಳ ಮೇಲೆ

"ಕುದುರೆಯ ಮಂಡಿ ತೋರಿಸಮ್ಮ" ಅಂದರು ವೈವಾದಲ್ಲಿ.
ಮುಂಗಾಲಿನ ನಡುವೆ, ಮಡಚುವಲ್ಲಿ, ಕೈಯಿಟ್ಟೆ.
ಮೇಷ್ಟರು ನಗಲಿಲ್ಲ.
"ನೀನು ಮುಟ್ಟಿದ್ದು ಅದರ ಮಣಿಕಟ್ಟು."
ಹದಿನೈದಕ್ಕೆ ಆರು.

ಹೆಬ್ಬಾಳದ ಆ ಹಾಲಿನಲ್ಲಿ
ಫಾರ್ಮಲಿನ್ನಿಗೆ ಕಣ್ಣುರಿಸಿಕೊಂಡು
ಮತ್ತೆ ಮೊದಲಿಂದ ಕಲಿತೆ:
ಮಂಡಿ ಇರುವುದು ಹಿಂಗಾಲಿನಲ್ಲಿ, ಹೊಟ್ಟೆಯ ಮಗ್ಗುಲಿಗೆ, ಮೇಲೆ.
ಅದರ ಕೆಳಗೆ ಹಿಂದಕ್ಕೆ ಚಾಚಿದ ಚೂಪು ಗಂಟು ಹಿಮ್ಮಡಿ,
ನೆಲವನ್ನೇ ಕಾಣದ ಹಿಮ್ಮಡಿ.
ಮಣಿಕಟ್ಟಿನಿಂದಾಚೆ ಒಂದೇ ಒಂದು ಬೆರಳು,
ನಡುಬೆರಳು. ಗೊರಸು ಅದರ ಉಗುರು.
ಅಕ್ಕಪಕ್ಕದ ಬೆರಳುಗಳು ಎಂದೋ ಸವೆದು
ಕಡ್ಡಿಯಷ್ಟು ಎಲುಬಾಗಿ ಅಂಟಿ ಕೂತಿವೆ,
ಪಾಲಾದ ಮೇಲೂ ಮನೆ ಬಿಡದ ಚಿಕ್ಕಪ್ಪಂದಿರ ಹಾಗೆ.
ಕಾಲರ್ ಬೋನ್ ಇಲ್ಲವೇ ಇಲ್ಲ.
ಎರಡು ಮುಂಗಾಲುಗಳ ನಡುವೆ ಅಷ್ಟು ದೊಡ್ಡ ಎದೆಗೂಡು
ಬರೀ ಮಾಂಸದ ಪಟ್ಟಿಯಲ್ಲಿ ತೂಗುತ್ತದೆ,
ಹಳೇ ಸೀರೆಯ ಜೋಲಿಯಲ್ಲಿ ಕೂಸು.

ಆ ರಾತ್ರಿ ಹಾಸ್ಟೆಲಿನಲ್ಲಿ
ನಡುಬೆರಳನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಭಾರ ಬಿಟ್ಟೆ.
ಉಗುರು ಬೆಳ್ಳಗಾಯಿತು.
ನಾನೂರೈವತ್ತು ಕಿಲೋ, ನಾಲ್ಕು ಉಗುರು.
ಬೆರಳು ಎತ್ತಿ ದೀಪಕ್ಕೆ ಹಿಡಿದರೆ ರೂಮ್‌ಮೇಟ್ ಜಯಶೀಲ
"ಯಾರಿಗೇ ತೋರಿಸ್ತಿದೀಯ ಅದನ್ನ?"

ಭಾನುವಾರ, ಜಕ್ಕೂರಿನ ಲಾಯ.
ನಾಲಬಂದ್ ದಸ್ತಗೀರ್ ಸಾಬರು
ರೇಸು ಬಿಟ್ಟ ಗುಲ್ನಾರಳ ಕಾಲನ್ನು ತೊಡೆಸಂದಿಯಲ್ಲಿ ಹಿಡಿದು
ಗೊರಸು ಹೆರೆಯುತ್ತಿದ್ದರು.
ಬೀಳುವ ಚೂರಿಗೆ ಎರಡು ನಾಯಿ ಕಾದು ಕೂತಿದ್ದವು.
ನಾನು ಒಂದೊಂದೇ ಎಲುಬಿನ ಹೆಸರು ಒಪ್ಪಿಸಿದೆ, ಲ್ಯಾಟಿನ್ನಿನಲ್ಲಿ.
"ಆಯ್ತಲ್ಲಮ್ಮ. ಈಗ ಆ ಕಡೆ ತಿರುಗು. ಗೋಡೆ ನೋಡು. ಕೇಳು."

ಸೈಸ್ ಮುನಿಕೃಷ್ಣ ಅವಳನ್ನು ಟಾರು ರಸ್ತೆಗೆ ಬಿಟ್ಟ.
ನಡಿಗೆಗೆ ನಾಲ್ಕು ಸದ್ದು, ಬಿಡಿಬಿಡಿ.
ಸಾಬರು ದುಲ್ಕಿ ಎನ್ನುವ ಓಟಕ್ಕೆ ಎರಡೇ,
ಮೂಲೆಗೆ ಮೂಲೆ ಜೋಡಿ.
ಆಮೇಲೆ ನಾಗಾಲೋಟ.
ಪೇಪರಿನಲ್ಲಿ ಈರುಳ್ಳಿ ಬೆಲೆಗೆ ಬಳಸುವ ಪದ,
ಅದರೊಳಗೆ ನಾಲ್ಕು ಕಾಲಿರುವುದು ಅವತ್ತು ಕೇಳಿಸಿತು.
ನಾಲ್ಕೂ ನೆಲ ಬಿಟ್ಟ ಒಂದು ಚಣ
ಸದ್ದಿಲ್ಲ. ಅದಕ್ಕೆ ನನ್ನ ಬಳಿ ಹೆಸರೂ ಇಲ್ಲ.

ಮತ್ತೆ ದುಲ್ಕಿಗೆ ಇಳಿದಾಗ ಸಾಬರು, ಬೀಡಿ ಹಚ್ಚುತ್ತ,
ಬೆನ್ನು ತಿರುಗಿಸಿಯೇ:
"ಎಡ ಮುಂಗಾಲು. ಅದರ ಟಕ್ ಮೊಟಕು."

ತಿರುಗಿ ನೋಡಿದೆ. ಹೌದು,
ಎಡಗಾಲು ಊರಿದಾಗಲೆಲ್ಲ ತಲೆ ಚೂರು ಮೇಲಕ್ಕೆ,
ಸುಡುವ ಕಲ್ಲು ಮೆಟ್ಟಿದವರ ಹಾಗೆ.
ಗೆಜ್ಜೆ ಕಟ್ಟುವ ಜಾಗದಲ್ಲಿ ಬೆರಳಿಟ್ಟೆ.
ನಾಡಿ, ಇರಬೇಕಾದ್ದಕ್ಕಿಂತ ಜೋರು.
ನನ್ನ ನಡುಬೆರಳು ಅವಳ ನಡುಬೆರಳ ಮೇಲೆ
ತುಂಬ ಹೊತ್ತು ಹಾಗೇ ಇತ್ತು.
ಅಂಗಾಲಿನ ಕೀವು ಎಳ್ಳಿನಷ್ಟು ಕಿಂಡಿಯಿಂದ
ಕಪ್ಪಗೆ ಇಳಿದಾಗ ಗುಲ್ನಾರ್ ತುಟಿ ಸಡಿಲಿಸಿದಳು.
"ಕುದುರೆ ಕಂಡರೆ ಕಾಲುನೋವು ಅಂತಾರೆ,"
ಸಾಬರು ಉಳಿ ಒರೆಸಿದರು,
"ಕುದುರೆಯ ಕಾಲುನೋವು ಕಾಣೋರು ಎಷ್ಟು ಜನ?"

ವಾಪಸು ಬಸ್ಸಿನಲ್ಲಿ ಸೀಟಿಲ್ಲ.
ಭಾನುವಾರವೂ ಡ್ಯೂಟಿ ಮುಗಿಸಿದ ಗಾರ್ಮೆಂಟ್ಸ್ ಹೆಂಗಸೊಬ್ಬಳು
ಕಂಬಿ ಹಿಡಿದು ನಿಂತಲ್ಲೇ ನಿದ್ದೆ.
ಮಂಡಿಚಿಪ್ಪಿಗೆ ಚಿಲಕ ಹಾಕಿ ನಿಂತು ಮಲಗುವುದು
ಕುದುರೆಯ ವಿದ್ಯೆ ಎಂದು ಪರೀಕ್ಷೆಯಲ್ಲಿ ಬರೆದಿದ್ದೆ.
ಎಸ್ಟೀಮ್ ಮಾಲ್ ಹತ್ತಿರ ಬೆಚ್ಚಿ ಎದ್ದು ಇಳಿದಳು,
ಫ್ಲೈಓವರಿನ ನೆರಳಿಗೆ ನಡೆದಳು:
ಬಲಗಾಲು ಊರಿದಾಗಲೆಲ್ಲ
ತಲೆ, ಚೂರೇ ಚೂರು, ಮೇಲಕ್ಕೆ.

ಕಿಟಕಿಯಿಂದ ಕೂಗೋಣವೆಂದರೆ ಏನೆಂದು ಕೂಗಲಿ?
ಕಂಡಕ್ಟರ್ ಸೀಟಿ ಊದಿದ.