ಎಂಟು ಪದರ

ಹೇಳದೆ ಕೇಳದೆ ಹೋಗಿಬಿಡ್ತಿತ್ತು ಅದು.
ನೀಲಿ ಪರದೆ ಇಲ್ಲ, ಕೊನೇ ಮಾತಿಲ್ಲ,
ಟಕ್ ಅಂತ ಒಂದು ಸದ್ದು,
ಕತ್ತಲು,
ಆಮೇಲೆ ಏನೂ ಆಗೇ ಇಲ್ಲ ಅನ್ನೋಹಂಗ
ಬೋರ್ಡಿನ ಕಂಪನಿ ಹೆಸರು ಹೊಳೀತಿತ್ತು.

ಹಾಡು ಹಾಕಿದರ ನಡೀತಿತ್ತು, ಸಿನಿಮಾ ಹಾಕಿದರೂ ಸೈ.
ನಮ್ಮ ಎರ್ರಿಸ್ವಾಮಿ ಆಟ ತೆಗೆದು
ಹೆಲಿಕಾಪ್ಟರಿನಿಂದ ಜಿಗಿದು
ಮಂಜು, ಹೊಗೆ, ಬೆಂಕಿ ಒಟ್ಟಿಗೇ ಇರೋ ಊರಿಗೆ
ಕಾಲಿಟ್ಟ ಗಳಿಗೆಗೆ ಸರಿಯಾಗಿ
ಟಕ್.

ಅವ್ವಗ ಇದು ಅನುಕೂಲ ಆಗಿತ್ತು.
ಸದ್ದು ಕೇಳಿದ ಕೂಡಲೇ ತಟ್ಟೆ ಸರಿಸೋಳು:
"ಅದು ಎದ್ದು ಬರೋದರಾಗ ನಾಕು ತುತ್ತು ಉಣ್ಣು."

ಕೌಲ್ ಬಜಾರಿನಾಗ ಕೆಳಗ ಹದಿನಾಲ್ಕು ಮಷಿನ್ನು,
ಮ್ಯಾಲೆ ಒಂದು ಕೋಣೆ, ಮೂವರು ನಾವು,
ನಾಕನೇದು ಆ ಡಬ್ಬಿ:
ಯಾರೋ ಮಾರಿದ ಕಾರ್ಡು, ಯಾರೋ ಬಿಟ್ಟ ಕ್ಯಾಬಿನೆಟ್ಟು,
ನನ್ನ ಎರಡು ದೀಪಾವಳಿಯ ಬೋನಸ್ಸು.
ಏಪ್ರಿಲ್ ತಿಂಗಳು. ರಾತ್ರಿ ಹನ್ನೊಂದಾದರೂ
ಗುಡ್ಡದ ಬಂಡೆ ಹಗಲಿನ ಬಿಸಿಲ ಸಾಲ
ಕಂತು ಕಂತಾಗಿ ತೀರಿಸ್ತಾ ಕೂತಿರ್ತೈತಿ.

"ಬಿಸಿಗೇ ಹಿಂಗ" ಅಂದರು ಎಲ್ಲರೂ.
ಬಿಚ್ಚಿದೆವು. ಫ್ಯಾನಿನ ಹಿಂದ
ನೀಲಿ ನೂಲಿನ ಜುಂಗು, ಬೆಕ್ಕಿನ ಮರಿಯಷ್ಟು.
ನಾನು ಹೊಲಿದ ಪ್ಯಾಂಟುಗಳದ್ದೇ.
ಜಾಡಿಸಿದೆವು. ಹಳೇ ಪೇಸ್ಟು ಒರೆಸಿ ಹೊಸದು ಹಚ್ಚಿದೆವು.
ಅವ ಆಡಿದ, ನಾನು ಪಕ್ಕ ಕೂತು ಬಿಸಿ ಬರಕೊಂಡೆ:
ಎಪ್ಪತ್ತೊಂದು, ಎಪ್ಪತ್ತಮೂರು, ಎಪ್ಪತ್ತಮೂರು,
ಟಕ್.
ಜ್ವರ ಇಲ್ಲದ ಮನುಷ್ಯ ನಡುರಸ್ತೆಯಾಗ ಬಿದ್ದಂಗ.

ರ‍್ಯಾಮ್ ಕಿತ್ತು ಅಳಿಸೋ ರಬ್ಬರಿನಿಂದ ತಿಕ್ಕಿದ.
ವಿಂಡೋಸ್ ಅಳಿಸಿ ಮತ್ತೆ ಹಾಕಿದ.
ಅವ್ವ ನಿಂಬೆಹಣ್ಣು ಇಳಿಸಿದಳು.
ಅದಕ್ಕೂ ಟಕ್.

ಆಟದ ವೇಗ ಅರವತ್ತಕ್ಕ ಕಟ್ಟಿದ ದಿನ
ಒಂದು ತಾಸು ನಿಂತಿತು. ಬಿಟ್ಟಕೂಡಲೇ ಹೋಯಿತು.
ಆಗ ನನ್ನ ಕೈಗೆ ತಿಳೀತು, ತಲೆಗಿಂತ ಮೊದಲು.
ಕಾಲಿನ ಉದ್ದ ಹೊಲಿಗೆಗೆ ಎಂಥ ಮಷಿನ್ನೂ ಓಡ್ತೈತಿ.
ಬೆಲ್ಟು, ಲೂಪು, ಪಕ್ಕದ ಮಡಿಕೆ ಕೂಡೋ ಜಾಗದಾಗ
ಎಂಟು ಪದರ ಬರ್ತಾವು.
ಅಲ್ಲಿ ಮೋಟರು ಒಂದು ಸಲ ಮುಕ್ಕುರಿತೈತಿ,
ಸೂಜಿ ಚಟ್ ಅಂತೈತಿ.
"ಎರ್ರೀ, ಕೇಳಿದ ಗಳಿಗೆಗೆ ಬಲ ಸಿಗವಲ್ದು ಅದಕ್ಕ.
ಕರೆಂಟು ಕೊಡೋ ಡಬ್ಬಿ ನೋಡು."

"ಆರುನೂರೈವತ್ತು ವ್ಯಾಟು ಅಕ್ಕಾ!
ಬಂಗಾರದ ಅಕ್ಷರದಾಗ ಬರ್ದಾರ.
ಎತ್ತಿ ನೋಡು, ಎಷ್ಟು ವಜ್ಜೆ ಐತಿ."
ಎತ್ತಿದೆ. ವಜ್ಜೆ ಇತ್ತು.

ಮೋಕಾ ರಸ್ತೆಯ ಜಿಲಾನ್ ಬಾಷಾ
ತನ್ನಂಗಡಿಯ ಹಳೇದೊಂದು, ಬಣ್ಣ ಹೋದದ್ದು,
ಒಂದು ರಾತ್ರಿಗೆ ಅಂತ ಕೊಟ್ಟ.
ಮೂರು ತಾಸು ಹೆಲಿಕಾಪ್ಟರು, ಮಂಜು, ಬೆಂಕಿ.
ಅವ್ವ ತಟ್ಟೆ ಹಿಡಕೊಂಡು ಕಾದೇ ಕಾದಳು.

ನಮ್ಮದನ್ನ ಎರಡು ದಿನ ಹಂಗೇ ಇಟ್ಟು,
ಒಳಗಿನ ಕರೆಂಟು ಸಾಯಲಿ ಅಂತ,
ಆಮೇಲೆ ಅವ ನಾಕು ತಿರುಪು ಬಿಚ್ಚಿದ.
ಕಿರುಬೆರಳಷ್ಟು ಸುರುಳಿ, ಖಾಲಿ ಜಾಗ,
ಮೂಲ್ಯಾಗ ಗೋಂದು ಹಚ್ಚಿ ಕೂರಿಸಿದ
ಕಬ್ಬಿಣದ ಒಂದು ತುಂಡು.
"ತೂಕಕ್ಕ" ಅಂತ ನಕ್ಕ.

ಕೈಯಾಗ ತಗೊಂಡೆ. ಅಂಚಿಗೆ ಕೆಂಪು ತುಕ್ಕು.
ಸಂಡೂರಿನ ಗುಡ್ಡ ಇಳಿದು ಲಾರಿ ಹತ್ತಿ
ಹಡಗು ಹತ್ತಿ ಯಾವ್ಯಾವ ದೇಶ ತಿರುಗಿ
ಸುಮ್ಮನೆ ಭಾರ ಇರೋ ನೌಕರಿ ಹಿಡಿದು
ಊರಿಗೆ ವಾಪಸ್ ಬಂತೋ ಏನೋ, ಯಾರಿಗೆ ಗೊತ್ತು.
ಎರ್ರಿ ಅದನ್ನ ಕಿಟಕಿ ಬಡೀದಂಗ ಒತ್ತಿಟ್ಟಾನ.

ಸೋಮವಾರ ನನ್ನ ಮುಂದ ಚೀಟಿಯ ಕಂತೆ.
ನಾ ಕಾಣದ ದೇಶದ ಹೆಸರು, ಬಂಗಾರದ ದಾರ.
"ಹುಲಿಗೆಮ್ಮಾ, ಮುನ್ನೂರು, ಸಂಜಿಕೆ" ಅಂದ ಮೇಸ್ತ್ರಿ.
ನಮ್ಮ ಓಣಿಯಾಗೇ ಕತ್ತರಿಸಿದ ಬೆಲ್ಟಿನ ಮ್ಯಾಲೆ
ಒಂದನ್ನ ಇಟ್ಟೆ.
ಕಾಲು ಪೆಡಲಿನ ಮ್ಯಾಲೆ ಒಂದು ಗಳಿಗೆ ನಿಂತಿತು.
ಒತ್ತಿದೆ.

ಮ್ಯಾಲಿಂದ ಅವ್ವನ ಕೂಗು, ಮೂರನೇ ಸಲ:
"ಎರ್ರೀ, ಆರಿ ಹೋಗ್ತೈತಿ ಬಾರೋ!"